ಗರಾಜಿನಲ್ಲಿ ಅಜ್ಞಾತವಾಸ

ವೈನಿಗೆ ನಾಲ್ಕು ಶತ್ರುಗಳು ಎಂದು ಬಲ್ಲವರು ಹೇಳುತ್ತಾರೆ: ಬಿಸಿ, ಬೆಳಕು, ಅಲುಗಾಟ, ಒಣಹವೆ. ಕ್ಯಾಲಿಫೋರ್ನಿಯಾದ ಕನ್ನಡಿಗರ ಮನೆಗಳ ಮಟ್ಟಿಗೆ ಐದನೆಯದೊಂದಿದೆ, ಅದರ ಹೆಸರು ಮರ್ಯಾದೆ. ನಾಪಾ ಕಣಿವೆಗೆ ಹೋದಾಗ ಕೊಂಡದ್ದು, ಗೃಹಪ್ರವೇಶಕ್ಕೆ ಆಫೀಸಿನವರು ಕೊಟ್ಟದ್ದು ಎಲ್ಲ ಸೇರಿ ಅಡುಗೆಮನೆಯ ಕಟ್ಟೆಯ ಮೇಲೆ ಆರೆಂಟು ಬಾಟಲಿಗಳಾಗುತ್ತವೆ. ಊರಿಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ಬರುವ ಟಿಕೆಟ್ ಖಚಿತವಾಯಿತೋ, ಅಷ್ಟೂ ಗರಾಜಿಗೆ ಅಜ್ಞಾತವಾಸಕ್ಕೆ ಹೊರಡುತ್ತವೆ. ವಿಸಿಟರ್ ವೀಸಾದವರಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಚಳಿಗೆ ಹೆದರಿ ಹಿರಿಯರು ಬರುವುದೂ ಬೇಸಿಗೆಗೇ. ಸ್ಯಾಕ್ರಮೆಂಟೊ ಕಡೆ ಆಗ ಹೊರಗೇ 38 ಡಿಗ್ರಿ ದಾಟುವುದು ಮಾಮೂಲು, ಗರಾಜಿನೊಳಗಿನ ಸೆಕೆ ಕೇಳುವುದೇ ಬೇಡ. ವೈನು ಬಯಸುವುದು 12-13 ಡಿಗ್ರಿ. ಹಗಲು ಕಾವಿಗೆ ಅದು ಹಿಗ್ಗಿ ಬಿರಡೆಯನ್ನು ನೂಕುತ್ತದೆ, ರಾತ್ರಿ ಕುಗ್ಗಿ ಗಾಳಿ ಎಳೆದುಕೊಳ್ಳುತ್ತದೆ. ಹಿರಿಯರು ವಾಪಸು ವಿಮಾನ ಹತ್ತುವ ಹೊತ್ತಿಗೆ ಬಾಟಲಿಯಲ್ಲಿರುವುದು ಬೆಂದ ಹಣ್ಣಿನ ಕಷಾಯ.

ತಮಾಷೆಯೆಂದರೆ, ಯಾರಿಗೆ ಹೆದರಿ ಬಾಟಲಿಗಳನ್ನು ಬಚ್ಚಿಡುತ್ತಾರೋ ಅವರಿಗೇ ಕೆಡದಂತೆ ಕಾಪಿಡುವ ಶಾಸ್ತ್ರ ಚೆನ್ನಾಗಿ ಗೊತ್ತು. ಮಲೆನಾಡಿನ ಮನೆಯ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಯನ್ನು ನೋಡಿ: ಬಾಯಿಗೆ ಬಿಳಿ ಬಟ್ಟೆ, ಅದರ ಮೇಲೆ ಬಿಗಿದ ದಾರ, ಇಡುವುದು ಬಿಸಿಲು ಬೀಳದ ಮೂಲೆಯಲ್ಲಿ, ಪದೇ ಪದೇ ಅಲುಗಿಸಿದರೆ ಬೈಗುಳ, ಹಳೆಯ ಭರಣಿ ಮುಗಿಯದೆ ಹೊಸದನ್ನು ತೆರೆಯುವಂತಿಲ್ಲ. ಇದಕ್ಕೆ ಬಾಟಲಿಯನ್ನು ಅಡ್ಡ ಮಲಗಿಸುವ ಒಂದು ನಿಯಮ ಸೇರಿಸಿದರೆ ವೈನಿನ ನೆಲಮಾಳಿಗೆ ಸಿದ್ಧ. ಮಲಗಿಸುವುದು ಬಿರಡೆ ಒಣಗದಿರಲಿ ಎಂದು. ತಿರುಪಿನ ಮುಚ್ಚಳದ್ದಾದರೆ ಆ ಉಪಚಾರವೂ ಬೇಡ.

ವೈನ್ ಫ್ರಿಜ್ ತಂದರಾಯಿತಲ್ಲ ಎನ್ನುವವರಿದ್ದಾರೆ. ತರಬಹುದು. ಆದರೆ ಕನ್ನಡಿಗರ ಮನೆಯಲ್ಲಿ ಖಾಲಿ ಫ್ರಿಜ್ ಎಂಬುದು ವಾರಕ್ಕಿಂತ ಹೆಚ್ಚು ಬದುಕುವುದಿಲ್ಲ. ಮೊದಲು ದೋಸೆ ಹಿಟ್ಟು, ಆಮೇಲೆ ಮಲ್ಲಿಗೆ ಮೊಗ್ಗು, ಕೊನೆಗೆ ಕೊತ್ತಂಬರಿ ಕಟ್ಟು ಬಂದು ಕೂರುತ್ತವೆ. ಇನ್ನು ಕೆಲವರು, ಹಳೆಯದಾದಷ್ಟೂ ರುಚಿ ಹೆಚ್ಚುತ್ತದೆ, ಇರಲಿ ಬಿಡಿ ಎನ್ನುತ್ತಾರೆ. ಹಳೇ ಅಕ್ಕಿಯ ಈ ನ್ಯಾಯ ಎಲ್ಲ ವೈನಿಗೂ ಹೊಂದದು. ಅಂಗಡಿಯಲ್ಲಿ ಸಿಗುವ ಬಹುಪಾಲು ವೈನು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಲೆಂದೇ ಮಾಡಿದ್ದು. ಆದ್ದರಿಂದ ದ್ರಾಕ್ಷಿಯ ಜಾತಿ, ದೇಶ, ಬೆಲೆ ನೋಡಿ ಜೋಡಿಸುವ ಬದಲು, ಯಾವ ವರ್ಷದೊಳಗೆ ತೆರೆಯಬೇಕೆಂದು ಬಾಟಲಿಯ ಕತ್ತಿಗೊಂದು ಚೀಟಿ ಕಟ್ಟಿದರೆ ಸಾಕು. ಇಲ್ಲದಿದ್ದರೆ ಬಾಟಲಿ ಹೊರನಾಡಿನ ರವಿಕೆ ಕಣವಾಗಿ, ಮನೆಯಿಂದ ಮನೆಗೆ ಉಡುಗೊರೆಯಾಗಿ ಸುತ್ತುತ್ತ ಕೊಟ್ಟವರ ಮನೆಗೇ ಒಂದು ದಿನ ಮರಳುತ್ತದೆ.

ಹಾಗಾದರೆ ಹಿರಿಯರ ಕಣ್ಣೆದುರೇ ಸಾಲಾಗಿ ಇಡಬೇಕೇ? ಬೇಡ. ಸಂಕೋಚ ಕೇಳುವುದೂ ಕತ್ತಲು, ವೈನು ಕೇಳುವುದೂ ಕತ್ತಲು, ಇಬ್ಬರಿಗೂ ಜಗಳವಿಲ್ಲ. ಮೆಟ್ಟಿಲ ಕೆಳಗಿನ ಕ್ಲೋಸೆಟ್ಟೇ ಉತ್ತಮ, ಆದರೆ ಅನೇಕ ಮನೆಗಳಲ್ಲಿ ಅಲ್ಲಿ ಆಗಲೇ ದೇವರು ಕೂತಿರುತ್ತಾನೆ. ಉಳಿದದ್ದು ಹೊರಗೋಡೆ ತಾಗದ ಒಳಗಿನ ಕ್ಲೋಸೆಟ್. ಅಲ್ಲಿ 12 ಡಿಗ್ರಿ ಇರಲಿಕ್ಕಿಲ್ಲ, ಆದರೆ ಹವೆ ಒಂದೇ ಸಮ ಇರುತ್ತದೆ. ಒಂದೆರಡು ವರ್ಷದಲ್ಲಿ ಕುಡಿಯುವ ಬಾಟಲಿಗೆ ಅಷ್ಟು ಸಾಕು. ಅಲ್ಲಿ ಈಗ ಖಾಲಿ ಸೂಟ್‌ಕೇಸುಗಳಿವೆ, ಅವುಗಳಿಗೆ ಸೆಕೆಯ ಭಯವಿಲ್ಲ. ಈ ಬೇಸಿಗೆ ಅವು ಗರಾಜಿಗೆ ಹೋಗಲಿ.