ಬೇಸಿಗೆಗೆ ಬಿಸಿಲು, ಚಳಿಗೆ ನೆರಳು

ತಿಕೋಟಾ, ಬಬಲೇಶ್ವರ, ಅಥಣಿ ಕಡೆ ದ್ರಾಕ್ಷಿ ಅಂದರೆ ಎಕರೆಗಟ್ಟಲೆ ತೋಟ, ಬ್ಯಾಂಕಿನ ಸಾಲ, ಒಣದ್ರಾಕ್ಷಿ ಶೆಡ್ಡು. ಮಲಪ್ರಭಾ ದಂಡೆಯ ನಮ್ಮ ಸಂಗೊಳ್ಳಿಯಲ್ಲಿ ಕಬ್ಬು, ಹತ್ತಿ, ಜೋಳ ಬೆಳೆದವನಿಗಷ್ಟೇ ಮರ್ಯಾದೆ. ಹಿತ್ತಲಲ್ಲಿ ಒಂದೇ ಒಂದು ದ್ರಾಕ್ಷಿ ಬಳ್ಳಿ ಸಾಕಿದವನು ಇಲ್ಲಿ ಕೆಲಸವಿಲ್ಲದವನ ಲೆಕ್ಕಕ್ಕೆ ಸೇರುತ್ತಾನೆ. ನಾನು ಹಂದರಕ್ಕೆ ಕಂಬ ನೆಟ್ಟು ತಂತಿ ಬಿಗಿಯುತ್ತಿದ್ದಾಗಲೇ ಓಣಿಯ ಹಿರಿಯರೊಬ್ಬರು, "ಏನ್ರೀ, ಮದಿವಿ ಹಿಡದೀರೇನು? ನಮಗ ಹೇಳೇ ಇಲ್ಲಲ್ಲ" ಎಂದು ಮುಖ ಸಣ್ಣದು ಮಾಡಿಕೊಂಡು ಹೋದರು.

ಎರಿ ಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ಕೂರುತ್ತದೆ. ದ್ರಾಕ್ಷಿಗೋ ಕಾಲು ತೊಯ್ದರೆ ಆಗದು. ಗುಂಡಿಗೆ ಗರಸು, ಮರಳು, ತಿಪ್ಪೆಗೊಬ್ಬರ ತುಂಬಿ, ಡಾಗ್‌ರಿಜ್ ಬೇರಿಗೆ ಕಸಿ ಕಟ್ಟಿದ ಥಾಮ್ಸನ್ ಸೀಡ್‌ಲೆಸ್ ಸಸಿ ಇಟ್ಟೆ. ಬಳ್ಳಿ ಹಬ್ಬಿತು. ಮನೆಯವರಿಗೂ ಖುಷಿಯಾಯಿತು. ಹಂದರದ ಕೆಳಗೆ ಹೊರಸು ಬಂತು, ಅವ್ವನ ಎಲೆಯಡಿಕೆ ಚೀಲ ಬಂತು, ಸಂಜೆ ಚಹಾ ಬಂತು. ಜಗಳ ಶುರುವಾದದ್ದು ಚಾಟ್ನಿಯ, ಅಂದರೆ ಬಳ್ಳಿ ಸವರುವ ದಿನ.

ದ್ರಾಕ್ಷಿ ಮೂಲತಃ ಚಳಿಯ ನಾಡಿನದು. ಅಲ್ಲಿ ಹಿಮ ಬಿತ್ತೆಂದರೆ ಎಲೆ ಉದುರಿಸಿ ಮಲಗಿಬಿಡುತ್ತದೆ. ನಮ್ಮ ಸೆಕೆಯಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ತನ್ನ ಪಾಡಿಗೆ ಬಿಟ್ಟರೆ ವರ್ಷವಿಡೀ ಎಲೆ ಹೊಡೆಯುತ್ತದೆ, ಹಣ್ಣಿನ ಮಾತೆತ್ತುವುದಿಲ್ಲ. ಅದಕ್ಕೇ ವಿಜಯಪುರದ ಕಡೆ ವರ್ಷಕ್ಕೆರಡು ಚಾಟ್ನಿ. ಏಪ್ರಿಲ್‌ನಲ್ಲಿ ಕಡ್ಡಿಗೆ ಒಂದೆರಡು ಕಣ್ಣು ಬಿಟ್ಟು ಉಳಿದದ್ದನ್ನೆಲ್ಲ ಬೋಳಿಸಬೇಕು. ಹೊಸ ಕಡ್ಡಿ ಬಂದು, ಮುಂದಿನ ಎರಡು ತಿಂಗಳಲ್ಲಿ ಅದರ ಕಣ್ಣೊಳಗೇ ಮುಂದಿನ ಗೊನೆ ಗುಟ್ಟಾಗಿ ರೂಪುಗೊಳ್ಳುತ್ತದೆ. ಅಕ್ಟೋಬರ್‌ನಲ್ಲಿ ಆ ಕಡ್ಡಿಗೆ ಮತ್ತೆ ಕತ್ತರಿ ಹಾಕಿದರೆ ಗೊನೆ ಹೊರಬರುತ್ತದೆ; ಅಲ್ಲಿಂದ ನಾಲ್ಕು ತಿಂಗಳ ಮೇಲೆ ಹಣ್ಣು.

ಶಾಸ್ತ್ರ ಸರಿಯಾಗಿಯೇ ಇದೆ. ಆದರೆ ಏಪ್ರಿಲ್‌ನ ಬೈಲಹೊಂಗಲ ಸೀಮೆಯ ಬಿಸಿಲು ಗೊತ್ತಲ್ಲ? ನಾಯಿಯೂ ನೆರಳಿಗೆ ಪಾಳಿ ಹಚ್ಚುವ ಹೊತ್ತಿನಲ್ಲಿ ನಾನು ಕತ್ತರಿ ಹಿಡಿದು ಏಣಿ ಹತ್ತಿದೆ. ಕತ್ತರಿಸಿದ ತುದಿಗಳಿಂದ ಹನಿ ಹನಿಯಾಗಿ ನೀರು ಸೋರಿ ಅವ್ವನ ತಲೆಯ ಮೇಲೇ ಬಿತ್ತು. "ನೋಡು, ಅಳಾಕತ್ತೈತಿ. ಪಾಪ ಹತ್ತತೈತಿ ನಿನಗ" ಎಂದಳು. ಹೆಂಡತಿ ಇನ್ನೂ ಖಡಕ್ಕು: "ಬ್ಯಾಸಿಗ್ಯಾಗ ನೆರಳು ಕಡಿಯೋ ಮನಶ್ಯಾನ್ನ ಇವತ್ತ ನೋಡಿದೆ."

ಹಂದರ ಮತ್ತೆ ದಟ್ಟವಾಗುವ ಹೊತ್ತಿಗೆ ಮುಂಗಾರು ಬಂದಿರುತ್ತದೆ, ನೆರಳು ಯಾರಿಗೂ ಬೇಡ. ಅಕ್ಟೋಬರ್‌ನಲ್ಲಿ ಮತ್ತೆ ಬೋಳು. ಡಿಸೆಂಬರ್‌ಗೆ ಎಲೆ ತುಂಬುತ್ತದೆ. ಆಗ ಅವ್ವನಿಗೆ ಕಂಬಳಿ ಹೊದ್ದು ಬಿಸಿಲು ಕಾಯಿಸಬೇಕು. ಹಿತ್ತಲಲ್ಲಿ ಬಿಸಿಲೇ ಇಲ್ಲ! ಹೊರಸನ್ನು ರಸ್ತೆಗೆ ಹೊತ್ತು ಹಾಕುವುದು ನನ್ನ ಪಾಲಿನ ಶಿಕ್ಷೆ.

ಬೂಜುರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯಬೇಕು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇದರ ಕಥೆ ನನಗೆ ಬಲು ಇಷ್ಟ. ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಈ ನೀಲಿ ಬಳಿಯುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ತಗಲದ್ದನ್ನು ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕ ಗಮನಿಸಿ, 1885ರಲ್ಲಿ ಲೋಕಕ್ಕೆ ಸಾರಿದ. ಅಂದರೆ ಜಗತ್ತಿನ ದೊಡ್ಡ ಶಿಲೀಂಧ್ರನಾಶಕ ಹುಟ್ಟಿದ್ದು ಕಳ್ಳರ ಕೃಪೆಯಿಂದ. ಫ್ರೆಂಚ್ ಕಳ್ಳರು ಬಣ್ಣಕ್ಕೆ ಹೆದರುತ್ತಿದ್ದರು. ನಮ್ಮ ಓಣಿಯ ಹುಡುಗರು, "ಕಾಕಾ, ಹ್ವಾದ ವರ್ಷದ ಬಣ್ಣ ಛಲೋ ಇತ್ತರಿ" ಎನ್ನುತ್ತಾರೆ.

ಬಂಧುಗಳದು ಬೇರೆಯೇ ಪ್ರಕರಣ. ಜನವರಿಯಲ್ಲಿ ಸಂಗೊಳ್ಳಿ ಉತ್ಸವ. ರಾಯಣ್ಣನ ಹೆಸರಿನಲ್ಲಿ ನೆಂಟರೆಲ್ಲ ಬರುತ್ತಾರೆ. ಉಂಡು ಹಿತ್ತಲಿಗೆ ಕೈ ತೊಳೆಯಲು ಹೋದವರು ಗೊನೆ ನೋಡಿ ಸುಮ್ಮನಿರುತ್ತಾರೆಯೇ? ಆಗಿನ್ನೂ ಅದು ಹಸಿರು ಗುಂಡು. ಬಾಯಿಗೆ ಹಾಕಿ, ಒಂದು ಕಣ್ಣು ಮುಚ್ಚಿ, "ಜಾತಿ ಸುಮಾರೈತಿ" ಎಂದು ತೀರ್ಪು ಕೊಡುತ್ತಾರೆ. ಆ ತೀರ್ಪು ಸವದತ್ತಿ, ರಾಮದುರ್ಗದವರೆಗೂ ಹಬ್ಬಿದೆ. ಮಾರ್ಚ್ ಹೊತ್ತಿಗೆ ಕಾಯಿ ಜೇನುಬಣ್ಣಕ್ಕೆ ತಿರುಗಿ ನಿಜವಾಗಿ ಸಿಹಿಯಾದಾಗ ನೆಂಟರ ಪೈಕಿ ಒಬ್ಬರೂ ಇರುವುದಿಲ್ಲ. ಗಿಳಿ, ಗೊರವಂಕ, ಅಳಿಲು ಮಾತ್ರ ತಪ್ಪದೆ ಹಾಜರು.

ಆದ್ದರಿಂದ ಅರಿಕೆ: ರಾಯಣ್ಣನಿಗೆ ಕೈ ಮುಗಿಯಲು ಜನವರಿಯಲ್ಲೇ ಬನ್ನಿ. ದ್ರಾಕ್ಷಿಗೆ ಮಾರ್ಚ್‌ನಲ್ಲಿ ಬನ್ನಿ, ಗಿಳಿ ಏಳುವ ಮುಂಚೆ.