ಮೂರು ಸೆಕೆಂಡಿನ ಸ್ವಾತಂತ್ರ್ಯ

ಸ್ಕಾಟ್ಲೆಂಡ್ ಫುಟ್‌ಬಾಲಿನ ಮಟ್ಟಿಗೆ ಒಂದು ದೇಶ, ಉಳಿದ ಬಹುತೇಕ ಬಾಬತ್ತುಗಳಲ್ಲಿ ಒಂದು ದೇಶದ ಭಾಗ. 1707ರಲ್ಲಿ ಎಡಿನ್‌ಬರೊದ ಸಂಸತ್ತು ತನ್ನ ಬಾಗಿಲನ್ನು ತಾನೇ ಮುಚ್ಚಿಕೊಂಡು ಇಂಗ್ಲೆಂಡಿನೊಂದಿಗೆ ಕೂಡಿಕೊಂಡಾಗ ನ್ಯಾಯಪದ್ಧತಿಯನ್ನೂ ಚರ್ಚನ್ನೂ ಪ್ರತ್ಯೇಕವಾಗಿ ಉಳಿಸಿಕೊಂಡ ಹಿರಿಯರಿಗೆ ಫುಟ್‌ಬಾಲಿನ ನೆನಪಾಗದಿದ್ದುದು ಸಹಜವೇ, ಏಕೆಂದರೆ ಆ ಆಟಕ್ಕೆ ಆಗಿನ್ನೂ ಬರೆದಿಟ್ಟ ನಿಯಮಗಳೇ ಇರಲಿಲ್ಲ. ಆ ಮರೆವನ್ನು 1872ರ ನವೆಂಬರ್ 30ರಂದು ಗ್ಲಾಸ್ಗೋ ಬಳಿಯ ಪಾರ್ಟಿಕ್‌ನಲ್ಲಿ ಸರಿಪಡಿಸಲಾಯಿತು; ಅಂದು ಒಂದು ಕ್ರಿಕೆಟ್ ಮೈದಾನದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ತಂಡಗಳು ಜಗತ್ತಿನ ಮೊತ್ತಮೊದಲ ಅಧಿಕೃತ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯವನ್ನು ಆಡಿ, ಒಂದೂ ಗೋಲು ಹೊಡೆಯದೆ, ಆದರೆ ಎರಡು ಬೇರೆ ಬೇರೆ ರಾಷ್ಟ್ರಗಳಾಗಿ ಮನೆಗೆ ಹೋದವು.

ಇಂಥ ಇಬ್ಬಂದಿಯ ನಾಡಿಗೆ, ಹುಟ್ಟಿನಿಂದ ಅದರೊಡನೆ ಯಾವ ಋಣಾನುಬಂಧವೂ ಇಲ್ಲದ ತಿಪಟೂರು ಸೀಮೆಯ ಕನ್ನಡಿಗನೊಬ್ಬ ಅಭಿಮಾನಿಯಾಗಿ ಅಂಟಿಕೊಂಡಿದ್ದಾನೆಂಬುದು ಪ್ರಸ್ತುತ ಅಧ್ಯಯನದ ವಸ್ತು. ಆತ ಹದಿನೆಂಟು ವರ್ಷಗಳಿಂದ ಗ್ಲಾಸ್ಗೋದಲ್ಲಿ ನೆಲೆಸಿದ್ದಾನೆ, ಪ್ರಬಂಧಕಾರನಿಗೆ ತೀರ ನಿಕಟವಾಗಿ ಪರಿಚಿತನಾಗಿದ್ದಾನೆ, ಕ್ಷೌರದ ಹೊತ್ತಿನಲ್ಲಿ ಕನ್ನಡಿಯೊಳಗೆ ತಪ್ಪದೆ ಸಿಗುತ್ತಾನೆ. ಆದುದರಿಂದ ಆತನ ಅಭಿಪ್ರಾಯಗಳನ್ನು ದಾಖಲಿಸುವಾಗ ಶಾಸ್ತ್ರೀಯ ನಿರ್ಲಿಪ್ತತೆಯನ್ನು ಕೈಲಾದಮಟ್ಟಿಗೆ ಕಾಯ್ದುಕೊಳ್ಳಲಾಗಿದೆ.

ಅಭಿಮಾನಿಯ ಮೊದಲನೆಯ ಸಿದ್ಧಾಂತ ಹೀಗಿದೆ: ಸ್ಕಾಟ್ಲೆಂಡಿನ ಎದುರು ಫುಟ್‌ಬಾಲ್ ಆಡಿದ ಒಕ್ಕೂಟಗಳು ಉಳಿಯುವುದಿಲ್ಲ. ರಾಜಕೀಯ ಒಕ್ಕೂಟವೆಂದರೆ ಒಂದಕ್ಕಿಂತ ಹೆಚ್ಚು ನಾಡುಗಳು ಒಂದೇ ಸೂರಿನಡಿ, ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಬಾಳುವ ಏರ್ಪಾಡು. ಈ ಅರ್ಥದಲ್ಲಿ 1973ರಲ್ಲಿ ಸ್ಕಾಟರು 2–1ರಿಂದ ಸೋಲಿಸಿದ ಚೆಕೊಸ್ಲೊವಾಕಿಯ ಎರಡು ಹೋಳಾಯಿತು, 1974ರ ವಿಶ್ವಕಪ್‌ನಲ್ಲಿ 1–1 ಸಮ ಮಾಡಿಕೊಂಡ ಯುಗೊಸ್ಲಾವಿಯ ಚೂರುಚೂರಾಯಿತು, 1982ರಲ್ಲಿ 2–2 ಸಮ ಮಾಡಿಕೊಂಡ ಸೋವಿಯತ್ ಒಕ್ಕೂಟ ಹತ್ತು ವರ್ಷ ತುಂಬುವುದರೊಳಗೆ ಹದಿನೈದು ದೇಶಗಳಾಯಿತು. ಸೋವಿಯತ್ ಒಕ್ಕೂಟ ಸತ್ತ ಮೇಲೂ ಅದರ ತಂಡ ಯುರೋಪಿನ ಪಂದ್ಯಾವಳಿಗಾಗಿ ಕೆಲವು ತಿಂಗಳು ಬದುಕಿತ್ತು; ಸ್ವಂತ ರಾಷ್ಟ್ರಗೀತೆ ಇಲ್ಲದೆ ಬೆಥೊವನ್‌ನ ಸಂಗೀತವನ್ನು ಎರವಲು ಪಡೆದು ನಿಂತಿದ್ದ ಆ ಪ್ರೇತತಂಡವನ್ನು 1992ರ ಜೂನ್ 18ರಂದು ಸ್ಕಾಟರು 3–0ಯಿಂದ ಸೋಲಿಸಿ ಉತ್ತರಕ್ರಿಯೆಯನ್ನೂ ಪೂರೈಸಿದರು. ಪೂರ್ವ ಜರ್ಮನಿಯ ಎದುರೂ ಸ್ಕಾಟರು ಹಲವು ಸಲ ಆಡಿದ್ದಾರೆ, ಅದು ಒಡೆಯುವ ಬದಲು ಇನ್ನೊಂದರೊಡನೆ ಕೂಡಿಕೊಂಡಿತು ಎಂದು ಯಾರಾದರೂ ಆಕ್ಷೇಪಿಸಿದರೆ ಅಭಿಮಾನಿಗೆ ಸಿಟ್ಟು ಬರುತ್ತದೆ. ಅಪವಾದವಿಲ್ಲದ ಸಿದ್ಧಾಂತ ವ್ಯಾಕರಣದಲ್ಲೂ ಇಲ್ಲವೆಂದು ವಾದಿಸುತ್ತಾನೆ. ಇಷ್ಟೆಲ್ಲ ಒಕ್ಕೂಟಗಳನ್ನು ಮುರಿದ ತಂಡಕ್ಕೆ ತಾನಿರುವ ಒಕ್ಕೂಟವನ್ನು ಮಾತ್ರ ಅಲುಗಿಸಲಾಗಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರವಾಗಿ ಎರಡನೆಯ ಸಿದ್ಧಾಂತ ಹುಟ್ಟಿಕೊಂಡಿತು.

ಅದರ ಹೆಸರು ಗೋಲು ವ್ಯತ್ಯಾಸ. ಒಂದು ತಂಡ ಹೊಡೆದ ಗೋಲುಗಳಿಂದ ಹೊಡೆಸಿಕೊಂಡ ಗೋಲುಗಳನ್ನು ಕಳೆದರೆ ಉಳಿಯುವುದೇ ಗೋಲು ವ್ಯತ್ಯಾಸ. ಅಂಕಗಳು ಸಮನಾದಾಗ ಯಾರು ಮುಂದೆ, ಯಾರು ಮನೆಗೆ ಎಂಬುದನ್ನು ಅದು ತೀರ್ಮಾನಿಸುತ್ತದೆ. 1974, 1978, 1982 ಈ ಮೂರೂ ವಿಶ್ವಕಪ್‌ಗಳಲ್ಲಿ ಸ್ಕಾಟ್ಲೆಂಡ್ ಈ ಕಳೆಯುವ ಲೆಕ್ಕದಿಂದಲೇ ಹೊರಬಿತ್ತು. ಅವುಗಳಲ್ಲಿ 1978ರದ್ದು ಮಹಾಕಾವ್ಯಕ್ಕೆ ಯೋಗ್ಯವಾದ ಪ್ರಸಂಗ: ತರಬೇತುದಾರ ಆಲಿ ಮ್ಯಾಕ್ಲೌಡ್ ಕಪ್ಪನ್ನೇ ತರುವ ಉಮೇದಿನಲ್ಲಿದ್ದುದರಿಂದ ಹ್ಯಾಂಪ್ಡನ್ ಕ್ರೀಡಾಂಗಣದಲ್ಲಿ ಜನ ಸೇರಿ ಗೆದ್ದು ಬಂದವರಿಗೆ ಮಾಡುವ ಮೆರವಣಿಗೆಯನ್ನು ಹೋಗುವ ಮೊದಲೇ ಮಾಡಿ ಕಳುಹಿಸಿದರು, ತಂಡ ಅರ್ಜೆಂಟೀನಾಕ್ಕೆ ಹೋಗಿ ಪೆರುವಿಗೆ 3–1ರಿಂದ ಸೋತಿತು, ಇರಾನಿನೊಂದಿಗೆ 1–1 ಸಮ ಮಾಡಿಕೊಂಡಿತು, ಆ ಒಂದು ಗೋಲನ್ನೂ ಇರಾನಿನವರೇ ಹೊಡೆದುಕೊಟ್ಟರು, ಕೊನೆಗೆ ನೆದರ್ಲೆಂಡ್ಸ್ ವಿರುದ್ಧ ಮೂರು ಗೋಲುಗಳ ಅಂತರದಿಂದ ಗೆಲ್ಲಬೇಕಾದ ದಿನ ಆರ್ಚಿ ಗೆಮ್ಮಿಲ್ ಎಂಬ ಕುಳ್ಳ ಮನುಷ್ಯ ಮೂವರನ್ನು ದಾಟಿಕೊಂಡು ಹೋಗಿ ಹೊಡೆದ ಗೋಲಿನಿಂದ 3–1 ಆಗಿ, ಇನ್ನೊಂದೇ ಒಂದು ಬೇಕು ಎನ್ನುವಷ್ಟರಲ್ಲಿ ಡಚ್ಚರು ಒಂದು ಹೊಡೆದು, 3–2ರಿಂದ ಗೆದ್ದ ಸ್ಕಾಟರು ಗಂಟುಮೂಟೆ ಕಟ್ಟಿದರು.

ಗೆದ್ದೂ ಸೋಲುವ ಈ ವಿದ್ಯೆ ಮುಂದಿನ ವರ್ಷವೇ ರಾಜಕಾರಣಕ್ಕೆ ಇಳಿಯಿತು ಎನ್ನುವುದು ಅಭಿಮಾನಿಯ ಸಂಶೋಧನೆ. 1979ರ ಮಾರ್ಚ್ 1ರಂದು ಸ್ಕಾಟ್ಲೆಂಡಿಗೆ ಸ್ವಂತ ಶಾಸನಸಭೆ ಬೇಕೇ ಬೇಡವೇ ಎಂಬ ಬಗ್ಗೆ ಜನಮತಗಣನೆ, ಅಂದರೆ ಪ್ರತಿನಿಧಿಗಳನ್ನು ಬದಿಗಿಟ್ಟು ಪ್ರಜೆಗಳನ್ನೇ ನೇರವಾಗಿ ಕೇಳುವ ಮತದಾನ, ನಡೆಯಿತು, 51.6 ಶೇಕಡಾ ಜನ ಬೇಕೆಂದರು, ಬೇಡವೆಂದವರಿಗಿಂತ ಸುಮಾರು 77 ಸಾವಿರ ಮತ ಹೆಚ್ಚು ಬಿತ್ತು, ಆದರೂ ಬೇಕೆಂಬವರು ಸೋತರು, ಏಕೆಂದರೆ ಪಟ್ಟಿಯಲ್ಲಿರುವ ಒಟ್ಟು ಮತದಾರರ 40 ಶೇಕಡಾ ಜನರಾದರೂ ಒಪ್ಪಿರಬೇಕೆಂದು ಲಂಡನ್ನಿನ ಸಂಸತ್ತು ಮೊದಲೇ ಒಂದು ಕೊಂಡಿ ಹಾಕಿಟ್ಟಿತ್ತು, ಒಪ್ಪಿದ್ದವರು 32.9 ಶೇಕಡಾ. ಮತಗಟ್ಟೆಗೆ ಬಾರದವರೆಲ್ಲ ಲೆಕ್ಕದಲ್ಲಿ ‘ಬೇಡ’ ಎಂದವರ ಕಡೆ ಸೇರಿದರು. ಗೋಲು ವ್ಯತ್ಯಾಸಕ್ಕೆ ಪ್ರಜಾಪ್ರಭುತ್ವದಲ್ಲಿ ಇದಕ್ಕಿಂತ ಶುದ್ಧವಾದ ಉದಾಹರಣೆ ಸಿಗಲಾರದು.

ಆದರೆ ಅಭಿಮಾನಿಯ ಹೃದಯದಲ್ಲಿ ಗರ್ಭಗುಡಿಯಂತೆ ಇರುವುದು 1996ರ ಅಕ್ಟೋಬರ್ 9, ಸ್ಥಳ ಟಾಲಿನ್. ಎಸ್ಟೋನಿಯಾದ ಈ ರಾಜಧಾನಿಯಲ್ಲಿ ಅಂದು ವಿಶ್ವಕಪ್ ಅರ್ಹತಾ ಪಂದ್ಯ, ಅಂದರೆ ಮುಖ್ಯ ಪಂದ್ಯಾವಳಿಗೆ ಪ್ರವೇಶ ಗಿಟ್ಟಿಸುವ ಪಂದ್ಯ, ಸಂಜೆ 6.45ಕ್ಕೆ ನಿಗದಿಯಾಗಿತ್ತು. ತಾತ್ಕಾಲಿಕವಾಗಿ ತಂದು ನಿಲ್ಲಿಸಿದ್ದ ದೀಪಗಳು ಸರಿಯಿಲ್ಲವೆಂದು ಸ್ಕಾಟರು ದೂರಿದರು. ಜಾಗತಿಕ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ಅದನ್ನು ಒಪ್ಪಿ, ಪಂದ್ಯವನ್ನು ಮಧ್ಯಾಹ್ನ 3ಕ್ಕೆ ಎಳೆಯಿತು. ಎಸ್ಟೋನಿಯಾದವರು ಮೊದಲು ಹೇಳಿದ ಹೊತ್ತಿಗೇ ಬರುತ್ತೇವೆಂದು ತಮ್ಮ ಶಿಬಿರದಲ್ಲಿಯೇ ಉಳಿದರು. ಮೂರು ಗಂಟೆಗೆ ಹನ್ನೊಂದು ಮಂದಿ ಸ್ಕಾಟರು, ಜಗತ್ತಿನ ಯಾವ ತಂಡವೂ ಇರದಷ್ಟು ಶಿಸ್ತಿನಿಂದ, ಮೈದಾನದ ತಮ್ಮ ಅರ್ಧದಲ್ಲಿ ತಂತಮ್ಮ ಜಾಗಗಳಲ್ಲಿ ನಿಂತರು. ಇನ್ನೊಂದು ಅರ್ಧದಲ್ಲಿ ಹುಲ್ಲು ಇತ್ತು.

ಈ ಪಂದ್ಯ ಮೂರು ಸೆಕೆಂಡು ನಡೆಯಿತು. ಮೊದಲ ಸೆಕೆಂಡಿನಲ್ಲಿ ತೀರ್ಪುಗಾರ ಮಿರೊಸ್ಲಾವ್ ರಾಡೊಮನ್ ಸೀಟಿ ಊದಿದರು. ಅವರು ಯುಗೊಸ್ಲಾವಿಯದವರು, ಅಂದರೆ ಒಡೆದ ಮನೆಯವರು, ಎಂಬುದನ್ನು ಅಭಿಮಾನಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಎರಡು ಸಲ ಅಡಿಗೆರೆ ಎಳೆದು ಗುರುತಿಸಿದ್ದಾನೆ. ಎರಡನೆಯ ಸೆಕೆಂಡಿನಲ್ಲಿ ಬಿಲ್ಲಿ ಡಾಡ್ಸ್ ಚೆಂಡನ್ನು ನಾಯಕ ಜಾನ್ ಕಾಲಿನ್ಸ್‌ಗೆ ತಳ್ಳಿದ. ಮೂರನೆಯ ಸೆಕೆಂಡಿನಲ್ಲಿ ಮತ್ತೆ ಸೀಟಿ, ಪಂದ್ಯ ಮುಕ್ತಾಯ. ಊರಲ್ಲಿ ಇರುವುದು ಒಂದೇ ತಂಡವೆಂದು ಬೆಂಬಲಿಗರು ಹಾಡಿದರು, ಅದು ಅಕ್ಷರಶಃ ಸತ್ಯವಾಗಿತ್ತು. ಈ ಪಂದ್ಯದ ಮುಖ್ಯಾಂಶಗಳೆಂದು ಸಿಗುವ ವಿಡಿಯೊ ಪಂದ್ಯಕ್ಕಿಂತ ಹಲವು ಪಟ್ಟು ಉದ್ದವಾಗಿದೆ. ಅಭಿಮಾನಿ ಅದನ್ನು ಮನೆಗೆ ಬಂದ ಅತಿಥಿಗಳಿಗೆ ಕಾಫಿಗಿಂತ ಮೊದಲು ತೋರಿಸುತ್ತಾನೆ, ನಿಧಾನಗತಿಯಲ್ಲಿ ಮತ್ತೊಮ್ಮೆ ತೋರಿಸುತ್ತಾನೆ, ಡಾಡ್ಸ್‌ನ ಪಾದ ಚೆಂಡಿಗೆ ತಾಗುವಲ್ಲಿ ನಿಲ್ಲಿಸಿ, ಸ್ಕಾಟ್ಲೆಂಡ್ ಎದುರಾಳಿಗೆ ಒಮ್ಮೆಯೂ ಚೆಂಡನ್ನು ಬಿಟ್ಟುಕೊಡದೆ ಆಡಿದ ಏಕೈಕ ಪಂದ್ಯವಿದು ಎಂದು ವಿವರಿಸುತ್ತಾನೆ. ಎದುರಿಗೆ ಯಾರೂ ಇಲ್ಲದಿರುವಾಗ ಇವರು ಗೋಲು ಏಕೆ ಹೊಡೆಯಲಿಲ್ಲವೆಂದು ಒಂದು ಮಗು ಒಮ್ಮೆ ಕೇಳಿತು. ಮೂರು ಸೆಕೆಂಡಿನಲ್ಲಿ ಅಷ್ಟು ದೂರ ಓಡಲಾಗದೆಂದು ಅಭಿಮಾನಿ ಸಮಜಾಯಿಷಿ ಕೊಟ್ಟನಾದರೂ, ಇನ್ನೂ ಹತ್ತು ನಿಮಿಷ ಕೊಟ್ಟಿದ್ದರೂ ಕಂಬಕ್ಕೆ ತಾಗಿಸಿ ಬರುತ್ತಿದ್ದರೇನೋ ಎಂಬ ಗುಮಾನಿ ಅಂದಿನಿಂದ ಆತನನ್ನು ಬಿಟ್ಟಿಲ್ಲ. ಫಿಫಾ ಬಾರದವರನ್ನು ಸೋತವರೆಂದು ಘೋಷಿಸುವ ಬದಲು, ಪಂದ್ಯವನ್ನು 1997ರ ಫೆಬ್ರುವರಿಯಲ್ಲಿ ಮೊನಾಕೊದಲ್ಲಿ ಹೊಸದಾಗಿ ಆಡಿಸಿತು. ಆಗ ಎಸ್ಟೋನಿಯಾದವರು ಬಂದರು, ತೊಂಬತ್ತು ನಿಮಿಷ ಆಡಿದರು, ಫಲಿತಾಂಶ 0–0. ಎದುರಾಳಿ ಇದ್ದರೂ ಇಲ್ಲದಿದ್ದರೂ ಸ್ಕಾಟರ ಗೋಲುಗಳ ಸಂಖ್ಯೆ ಒಂದೇ ಎಂದು ಸಾಬೀತಾಯಿತು.

ಎಸ್ಟೋನಿಯ 1991ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದಿಂದ ಹೊರಬಂದ ದೇಶವೆಂಬುದನ್ನು ಇಲ್ಲಿ ನೆನೆಯಬೇಕು. ಒಕ್ಕೂಟ ಬಿಟ್ಟು ಬರುವುದೆಂದರೆ ಸಂವಿಧಾನ, ನಾಣ್ಯ, ಗಡಿ ಇತ್ಯಾದಿಯೆಂದು ಪಂಡಿತರು ಹೇಳುತ್ತಾರೆ. ಅಭಿಮಾನಿಯ ಮತದಲ್ಲಿ ಅದರ ತಿರುಳು ದೊಡ್ಡವರು ಕರೆದ ಹೊತ್ತಿಗೆ ಹೋಗದಿರುವುದು. ಅಂದು ಬಾರದೆ ಉಳಿದವರು ಒಕ್ಕೂಟ ಬಿಟ್ಟವರು, ಹೇಳಿದ ಹೊತ್ತಿಗೆ ಬಂದು ಸಾಲಾಗಿ ನಿಂತವರು ಒಕ್ಕೂಟದಲ್ಲೇ ಉಳಿದವರು.

2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ ಎಂಬ ಜನಮತಗಣನೆ ನಡೆದಾಗ, ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಾಗಿ ಅಲ್ಲಿ ನೆಲೆಸಿದವರಿಗೂ ಮತವಿತ್ತು, ಸ್ಕಾಟ್ಲೆಂಡಿನ ಹೊರಗೆ ನೆಲೆಸಿದ ಸ್ಕಾಟರಿಗೆ ಇರಲಿಲ್ಲ. ಎಂದರೆ ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಆಡುತ್ತ ಅಲ್ಲೇ ಮನೆ ಮಾಡಿದ್ದ ರಾಷ್ಟ್ರೀಯ ತಂಡದ ಆಟಗಾರರಿಗೆ ಇಲ್ಲದ ಮತ ಭಾರತದ ಪಾಸ್‌ಪೋರ್ಟು ಹಿಡಿದ ತಿಪಟೂರಿನವನಿಗೆ ಸಿಕ್ಕಿತು. ಸ್ವದೇಶೀಯರನ್ನು ತೊಂಬತ್ತು ನಿಮಿಷದ ದೇಶಭಕ್ತರೆಂದು, 1992ರ ಚುನಾವಣೆಯಲ್ಲಿ ಸೋತ ರಾಷ್ಟ್ರವಾದಿ ನಾಯಕ ಜಿಮ್ ಸಿಲ್ಲರ್ಸ್ ಮೂದಲಿಸಿದ್ದುಂಟು. ಆ ಮೂದಲಿಕೆ ತನಗೂ ಸಲ್ಲುವುದೇ ಎಂದು ಚಿಂತಿಸುತ್ತ ಅಭಿಮಾನಿ ಮತಗಟ್ಟೆಯ ಮರೆಯಲ್ಲಿ ಪೆನ್ಸಿಲು ಹಿಡಿದು ನಿಂತನು. ಸ್ವಾತಂತ್ರ್ಯದ ಪರವಾಗಿ ಆತನಲ್ಲಿದ್ದ ಕಾರಣಗಳೆಲ್ಲವೂ ಫುಟ್‌ಬಾಲಿನವು, ಫುಟ್‌ಬಾಲಿನಲ್ಲಿ ಸ್ಕಾಟ್ಲೆಂಡ್ ಆಗಲೇ ಸ್ವತಂತ್ರ. ಆಟದ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಮಂಡಳಿಯಲ್ಲಿ ಫಿಫಾಕ್ಕೆ ನಾಲ್ಕು ಮತ, ಬ್ರಿಟನ್ನಿನ ನಾಲ್ಕು ಸಂಘಗಳಿಗೆ ಒಂದೊಂದು ಮತ. ಅರ್ಥಾತ್ ಫುಟ್‌ಬಾಲಿನ ಶಾಸನದಲ್ಲಿ ಸ್ಕಾಟ್ಲೆಂಡಿನ ಧ್ವನಿ ಬ್ರೆಜಿಲ್‌ಗಿಂತ ದೊಡ್ಡದು. ಅದಕ್ಕೆ ಧಕ್ಕೆ ಬಂದೀತೆಂಬ ಭಯದಿಂದಲೇ 2012ರ ಲಂಡನ್ ಒಲಿಂಪಿಕ್ಸ್‌ನ ಜಂಟಿ ಬ್ರಿಟಿಷ್ ಫುಟ್‌ಬಾಲ್ ತಂಡವನ್ನು ಸ್ಕಾಟಿಷ್ ಸಂಘ ವಿರೋಧಿಸಿತು, ಪುರುಷರ ತಂಡದಲ್ಲಿ ಒಬ್ಬ ಸ್ಕಾಟನೂ ಆಡಲಿಲ್ಲ. ಇನ್ನು ಮತ ಹಾಕಿ ಗಳಿಸಬೇಕಾದುದೇನು? ಹೊರಗೆ ಸಾಲು ಬೆಳೆಯಿತು, ಹೆಂಡತಿ ಕೆಮ್ಮಿದಳು. ಗುಪ್ತ ಮತದಾನದ ಮರ್ಯಾದೆಗಾಗಿ ಗುರುತು ಎಲ್ಲಿ ಬಿತ್ತೆಂಬುದನ್ನು ಇಲ್ಲಿ ದಾಖಲಿಸಿಲ್ಲ. ಮೂರು ಸೆಕೆಂಡಿನ ಕೆಲಸಕ್ಕೆ ಹತ್ತು ನಿಮಿಷ ಹಿಡಿಯಿತೆಂಬುದನ್ನಷ್ಟೇ ಹೇಳಬಹುದು. ಬೇಡ 55.3, ಬೇಕು 44.7.

ಬೇಡ ಎಂದವರಲ್ಲಿ ಪಕ್ಕದ ಮನೆಯ ಪೋಲಿಷ್ ಮಹಿಳೆಯೂ ಒಬ್ಬಳು. ಬ್ರಿಟನ್ ಬಿಟ್ಟರೆ ಯುರೋಪ್ ಒಕ್ಕೂಟವನ್ನೂ ಬಿಡಬೇಕಾದೀತೆಂದು ಪ್ರಚಾರದಲ್ಲಿ ಕೇಳಿ ಹೆದರಿದ್ದಳು. ಎರಡೇ ವರ್ಷಕ್ಕೆ, 2016ರ ಜೂನ್ 23ರಂದು, ಬ್ರಿಟನ್ನೇ ಯುರೋಪ್ ಒಕ್ಕೂಟವನ್ನು ಬಿಡುವ ಜನಮತಗಣನೆ ಬಂತು. ಆಗ ಫ್ರಾನ್ಸಿನಲ್ಲಿ ಯುರೋ ಪಂದ್ಯಾವಳಿ: ಬಿಡಬೇಕೆಂದ ಇಂಗ್ಲೆಂಡ್, ವೇಲ್ಸ್ ಎರಡೂ ಅಲ್ಲಿ ಆಡುತ್ತಿದ್ದವು, ಉಳಿಯಬೇಕೆಂದು 62 ಶೇಕಡಾ ಮತ ಹಾಕಿದ ಸ್ಕಾಟ್ಲೆಂಡಿಗೆ ಪ್ರವೇಶವೇ ಸಿಕ್ಕಿರಲಿಲ್ಲ. ನಾಲ್ಕು ದಿನ ಕಳೆದು ಇಂಗ್ಲೆಂಡ್ ಐಸ್‌ಲೆಂಡಿಗೆ 2–1ರಿಂದ ಸೋತು ಒಂದೇ ವಾರದಲ್ಲಿ ಎರಡನೆಯ ಸಲ ಯುರೋಪಿನಿಂದ ಹೊರಬಿದ್ದಾಗ ಅಭಿಮಾನಿ ಕುಣಿದಾಡಿದ್ದನ್ನು ಗೋಡೆಯಾಚೆಯಿಂದ ಆಕೆ ಕೇಳಿರಬೇಕು. 2014ರಲ್ಲಿ ಮತವಿದ್ದ ಆಕೆಗೆ ಈ ಸಲ ಮತವಿರಲಿಲ್ಲ, ಅಭಿಮಾನಿಗೆ ಇತ್ತು. ಆಕೆ ಆ ದೇಶದಲ್ಲಿ ಇರಬೇಕೇ ಎಂಬುದನ್ನು ತಿಪಟೂರಿನವನು ತೀರ್ಮಾನಿಸಬಹುದಾಗಿತ್ತು, ಆಕೆಯೇ ತೀರ್ಮಾನಿಸುವಂತಿರಲಿಲ್ಲ. ಮರುದಿನ ಮೆಟ್ಟಿಲ ಮೇಲೆ ಎದುರಾದಾಗ ಇಬ್ಬರೂ ಮಳೆಯ ಬಗ್ಗೆ ಮಾತನಾಡಿದರು. ಬ್ರಿಟನ್ ಯುರೋಪ್ ಒಕ್ಕೂಟವನ್ನು ಬಿಟ್ಟ ವರ್ಷವೇ, 2020ರ ನವೆಂಬರ್‌ನಲ್ಲಿ ಸ್ಕಾಟ್ಲೆಂಡ್ ಬೆಲ್‌ಗ್ರೇಡಿನಲ್ಲಿ ಸರ್ಬಿಯಾವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ 22 ವರ್ಷಗಳ ನಂತರ ದೊಡ್ಡ ಪಂದ್ಯಾವಳಿಯೊಂದನ್ನು, ಅದೂ ಯುರೋಪಿನದನ್ನು, ಪ್ರವೇಶಿಸಿತು. ಅಷ್ಟರಲ್ಲಿ ಆಕೆ ಪೋಲೆಂಡಿಗೆ ಹಿಂತಿರುಗಿದ್ದಳು.

ಪರರ ಮನೆ ಪಾಲಾಗುವುದನ್ನು ಕುರಿತು ಇಷ್ಟು ಆಳವಾಗಿ ಚಿಂತಿಸಿದ ಅಭಿಮಾನಿ ಸ್ವಂತ ಮನೆಯ ವಿಷಯದಲ್ಲಿ ಕಟ್ಟಾ ಅಖಂಡವಾದಿ. 2023ರ ಮಾರ್ಚ್‌ನಲ್ಲಿ ಹುಬ್ಬಳ್ಳಿಯ ಭಾವಮೈದುನ ಫೋನಿನಲ್ಲಿ, ಉತ್ತರ ಕರ್ನಾಟಕ ಬೇರೆ ರಾಜ್ಯವಾದರೇ ಒಳ್ಳೆಯದೇನೋ ಎಂದು ಅರ್ಧ ತಮಾಷೆಗೆ ಅಂದುದಕ್ಕೆ ಈತ ಆಲೂರು ವೆಂಕಟರಾಯರಿಂದ ಮೊದಲ್ಗೊಂಡು 1956ರ ನವೆಂಬರ್ 1ರವರೆಗಿನ ಏಕೀಕರಣದ ಇತಿಹಾಸವನ್ನು, ವೆಂಕಟರಾಯರು ಧಾರವಾಡದವರೇ ಎಂಬುದನ್ನು ಒತ್ತಿ ಹೇಳುತ್ತ, ಇಪ್ಪತ್ತು ನಿಮಿಷ ಒಪ್ಪಿಸಿದನು. “ಅಲ್ಲಿ ಒಡೀರಿ ಅಂತೀರಿ, ಇಲ್ಲಿ ಕೂಡಿರ್ರಿ ಅಂತೀರಿ, ನಿಮ್ಮದು ಯಾವ ಪಕ್ಷ ಮಾವಾ?” ಎಂದು ಕೇಳಿದ ಭಾವಮೈದುನ, ಉತ್ತರಕ್ಕೆ ಕಾಯದೆ, ಅದಿರಲಿ, ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದದ್ದಾದರೂ ಗೊತ್ತೇ ಎಂದನು. ಸಂತೋಷ್ ಟ್ರೋಫಿಯೆಂದರೆ ಭಾರತದ ರಾಜ್ಯಗಳ ನಡುವಿನ ಫುಟ್‌ಬಾಲ್ ಪಂದ್ಯಾವಳಿ. ಮೈಸೂರು ರಾಜ್ಯವೆಂಬ ಹೆಸರಿದ್ದಾಗ ಕೊನೆಯ ಸಲ ಗೆದ್ದಿದ್ದ ಅದನ್ನು ಕರ್ನಾಟಕ 54 ವರ್ಷಗಳ ಮೇಲೆ, ರಿಯಾದ್‌ನಲ್ಲಿ, 1972ರಲ್ಲಿ ಅಸ್ಸಾಮಿನಿಂದ ಬೇರೆಯಾದ ಮೇಘಾಲಯವನ್ನು ಸೋಲಿಸಿ ಮರಳಿ ಪಡೆದಿತ್ತು. ಗೆಮ್ಮಿಲ್ ಮೂವರನ್ನು ದಾಟಿದ ಕ್ರಮವನ್ನು ನಿದ್ದೆಯಲ್ಲೂ ಹೇಳಬಲ್ಲ ಅಭಿಮಾನಿಗೆ ಇದರ ಸುಳಿವೇ ಇರಲಿಲ್ಲ. ಅಂಕ ಎಷ್ಟೆಂದು ತಗ್ಗಿದ ದನಿಯಲ್ಲಿ ಕೇಳಿದನು. 3–2 ಎಂಬ ಉತ್ತರ ಬಂತು. ಒಂದು ಕ್ಷಣ ಮೌನವಾಗಿದ್ದು, ಹಾಗಾದರೆ ಗೆದ್ದ ಮೇಲೆ ಮುಂದಿನ ಸುತ್ತಿಗೆ ಹೋದರೋ ಇಲ್ಲವೋ ಎಂದು ವಿಚಾರಿಸಿದನು. ಅದು ಫೈನಲ್ಲು ಮಾವಾ, ಮುಂದೆ ಸುತ್ತೇ ಇಲ್ಲ ಎಂದು ಭಾವಮೈದುನ ಎರಡು ಸಲ ಹೇಳಬೇಕಾಯಿತು.