ಚಿಮ್ಮನಚೋಡ ಸೀಮೆಯ ಬೆಳೆವಿಮಾ ಇಂಟರ್ನಿಗಳು: ಒಂದು ಸಮಾಜೋ-ವಿಮಾತ್ಮಕ ಅಧ್ಯಯನ

ಅಧ್ಯಾಯ 1. ಪ್ರಸ್ತಾವನೆ

ಮುಂಗಾರಿನಲ್ಲಿ ಮುಲ್ಲಾಮಾರಿ ನದಿಯ ದಂಡೆಗುಂಟ ಕಾಣಿಸಿಕೊಳ್ಳುವ ಜೀವಿಗಳಲ್ಲಿ ಮೃಗಶಿರಾ ಮಳೆಯ ಕೆಂಪು ಹುಳ, ಕಪ್ಪೆ ಮತ್ತು ಇಂಟರ್ನಿ ಮುಖ್ಯವಾದವು. ಮೊದಲೆರಡನ್ನು ಪ್ರಾಣಿಶಾಸ್ತ್ರ ಈಗಾಗಲೇ ಗಮನಿಸಿದೆ. ಮೂರನೆಯದು ಮ್ಯಾನೇಜ್‌ಮೆಂಟ್ ಓದುವ ಹುಡುಗ. ಕೊರಳಲ್ಲಿ ಗುರುತಿನ ಚೀಟಿ, ಕಂಕುಳಲ್ಲಿ ಸುರುಳಿ ಸುತ್ತಿದ ಬ್ಯಾನರು. ಚಿಂಚೋಳಿಯ ಬಸ್ಸಿನಿಂದ ಇಳಿಯುತ್ತದೆ, ಬೆಳೆವಿಮೆ ನೋಂದಣಿಯ ಕಡೆಯ ದಿನ ಬರುತ್ತಲೇ, ಅಂದರೆ ಸಾಮಾನ್ಯವಾಗಿ ಜುಲೈ 31ಕ್ಕೆ, ಕಣ್ಮರೆಯಾಗುತ್ತದೆ.

ಪ್ರಸ್ತುತ ಅಧ್ಯಯನವು ಸದರಿ ಜೀವಿಯ ವಿಮಾ-ಪಾರಿಸರಿಕ ಸಂವೇದನಾ ಚೌಕಟ್ಟನ್ನು ಬಹುಶಿಸ್ತೀಯ ನೆಲೆಯಲ್ಲಿ ವಿಶ್ಲೇಷಣಾತ್ಮಕವಾಗಿ ಅವಲೋಕಿಸುವ ವಿನಮ್ರ ಪ್ರಯತ್ನವಾಗಿದೆ. ಈ ವಾಕ್ಯಕ್ಕೆ ಅರ್ಥವಿಲ್ಲ. ಆದರೆ ಇದಿಲ್ಲದೆ ಯಾವ ಪ್ರಾಜೆಕ್ಟ್ ರಿಪೋರ್ಟೂ ಬೈಂಡಿಂಗಿಗೆ ಹೋಗುವುದಿಲ್ಲ. ಸಂಶೋಧಕನೂ ಇದೇ ಜಾತಿಯ ಜೀವಿ, ಮೇಲಾಗಿ ಇದೇ ಊರಿನವನು. ಆದ್ದರಿಂದ ವಸ್ತುನಿಷ್ಠತೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಅಧ್ಯಾಯ 2. ಪೂರ್ವಸಾಹಿತ್ಯ ಸಮೀಕ್ಷೆ

ಈ ಸೀಮೆಗೆ ಶಾಸ್ತ್ರಗ್ರಂಥಗಳ ಬರವಿಲ್ಲ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ರಾಷ್ಟ್ರಕೂಟರು ಆಳುತ್ತಿದ್ದಾಗ, ಒಂಬತ್ತನೆಯ ಶತಮಾನದಲ್ಲಿ, ಕವಿರಾಜಮಾರ್ಗ ಹುಟ್ಟಿತು. ಅದರಲ್ಲಿ ಕಾವ್ಯದ ದೋಷಗಳನ್ನು ಬಿಡಿಸಿ ಹೇಳಿದ ಶ್ರೀವಿಜಯ ಕ್ಲೇಮು ಅರ್ಜಿಯ ದೋಷಗಳನ್ನು ಮುಟ್ಟದೇ ಹೋದದ್ದು ಆತನ ವಿದ್ವತ್ತಿನ ಮಿತಿ. ಶಹಾಬಾದ ಕಡೆಯ ಮರತೂರಿನವನೆಂದು ಹೆಸರಾದ ವಿಜ್ಞಾನೇಶ್ವರ ಮಿತಾಕ್ಷರ ಬರೆದು, ತಂದೆಯ ಆಸ್ತಿ ಯಾರಿಗೆ ಹೇಗೆ ಸಲ್ಲಬೇಕೆಂಬುದನ್ನು ಬಂಗಾಳ ಬಿಟ್ಟು ಹೆಚ್ಚುಕಮ್ಮಿ ಇಡೀ ದೇಶಕ್ಕೆ ಕಲಿಸಿದ. ಅವನ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಪಹಣಿ ಇವತ್ತಿಗೂ ಸತ್ತ ಮುತ್ಯಾನ ಹೆಸರಲ್ಲೇ ಇದೆ.

ನಿಜವಾಗಿ ಓದಬೇಕಾದ ಗ್ರಂಥ ಒಂದೇ, ಅದನ್ನು ನಮಗೆ ಯಾರೂ ಓದಿಸಲಿಲ್ಲ. ಮೈಸೂರು ಸಂಸ್ಥಾನದ ಅಧಿಕಾರಿ ಜೆ.ಎಸ್. ಚಕ್ರವರ್ತಿ 1920ರಲ್ಲಿ ಕೃಷಿ ವಿಮೆಯ ಮೇಲೊಂದು ಪುಸ್ತಕ ಬರೆದರು. ಅವರ ಯೋಚನೆ ಸರಳ: ಮಳೆಯನ್ನು ಅಳೆಯಿರಿ, ಇಷ್ಟಕ್ಕಿಂತ ಕಡಿಮೆ ಬಿದ್ದರೆ ಆ ಪ್ರದೇಶದವರಿಗೆಲ್ಲ ರೊಕ್ಕ ಕೊಡಿ. ಸಾಕ್ಷಿ ಬೇಡ, ಅರ್ಜಿ ಬೇಡ, ಹೊಲ ತಪಾಸಣೆ ಬೇಡ. ಮೈಸೂರು ಸರಕಾರ ತನ್ನ ನೌಕರರಿಗೆ 1891ರಲ್ಲೇ ಜೀವವಿಮೆ ಮಾಡಿತ್ತು, ರೈತನದು ಮಾತ್ರ ಪುಸ್ತಕದಲ್ಲೇ ಉಳಿಯಿತು. ನಮ್ಮ ಚಿಂಚೋಳಿ ಹೇಗೂ ಆಗ ನಿಜಾಮರ ಕೈಯಲ್ಲಿತ್ತು. ಆಮೇಲೆ 1985ರಲ್ಲೊಂದು ಯೋಜನೆ, 1999ರಲ್ಲೊಂದು, 2016ರಲ್ಲಿ ಈಗಿನ ಫಸಲ್ ಬಿಮಾ. ಪ್ರತಿ ಸಲವೂ ಹೆಸರು ಬದಲಾಯಿತು.

ಅಧ್ಯಾಯ 3. ಇಂಟರ್ನಿಗಳ ಪಂಚವಿಧ ವರ್ಗೀಕರಣ

(ಅ) ಬ್ಯಾನರ್‌ಧಾರಿ. ಗುಡಿಯ ಕಟ್ಟೆಯ ಮುಂದೆ ನಾಲ್ಕು ಜನರನ್ನು ನಿಲ್ಲಿಸಿ ಅರಿವು ಮೂಡಿಸುವವನು. ಅರಿವು ಮೂಡಿತೋ ಇಲ್ಲವೋ ಎಂಬುದು ಬ್ಯಾನರಿನ ಎರಡೂ ತುದಿ ಫೋಟೊದಲ್ಲಿ ಬಂದವೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

(ಆ) ಜಿಯೋಟ್ಯಾಗಿ. ಆ ಫೋಟೊವನ್ನು ಅಕ್ಷಾಂಶ ರೇಖಾಂಶ ಸಮೇತ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವನು. ಮೇಲಿನವರಿಂದ ಹೆಬ್ಬೆರಳಿನ ಗುರುತು ಬಂದರೆ ಅಂದಿನ ಸಂಶೋಧನೆ ಮುಗಿಯಿತು. ಒಬ್ಬ ಅಜ್ಜಿ ಈ ಪ್ರಭೇದದವನನ್ನು, 'ಹೊಲಾ ನಂದು, ರೊಕ್ಕಾ ನಂದು, ಫೋಟೊ ಯಾರಿಗೋ ಯಪ್ಪಾ?' ಎಂದು ಕೇಳಿದ್ದು ದಾಖಲಾಗಿದೆ.

(ಇ) ದಾಖಲಾತಿಜೀವಿ. ಆಧಾರ್, ಪಹಣಿ, ಪಾಸ್‌ಬುಕ್, ರೈತ ನೋಂದಣಿಯ ಎಫ್‌ಐಡಿ ನಂಬರು, ಈ ನಾಲ್ಕರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ನೋಡುವವನು. ಇರುವುದಿಲ್ಲ.

ಉಳಿದೆರಡು ಪ್ರಭೇದಗಳನ್ನು ಬರೆಯುವ ಉಮೇದು ಸಂಶೋಧಕನಿಗೆ ಉಳಿದಿಲ್ಲ. ನಿಜ ಹೇಳಬೇಕೆಂದರೆ ಇವರೆಲ್ಲ ಒಬ್ಬನೇ ಹುಡುಗ. ಮುಂಜಾನೆ ಬ್ಯಾನರು, ಮಧ್ಯಾಹ್ನ ಫೋಟೊ, ಸಂಜೆ ಕಾಗದ. ಸ್ಟೈಪೆಂಡ್ ಇಲ್ಲ, ಸರ್ಟಿಫಿಕೇಟು ಉಂಟು.

ಅಧ್ಯಾಯ 4. ಸರಾಸರಿಯ ಮಹಾಸಿದ್ಧಾಂತ

ವಿಮಾಶಾಸ್ತ್ರದಲ್ಲಿ ಹೊಲ ಎಂಬ ವಸ್ತು ಇಲ್ಲ. ಇರುವುದು ಘಟಕ. ತೊಗರಿಯಂಥ ಮುಖ್ಯ ಬೆಳೆಗೆ ಇಡೀ ಗ್ರಾಮ ಪಂಚಾಯಿತಿಯೇ ಒಂದು ಘಟಕ. ಕಳೆದ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದನ್ನು ಆರಿಸಿ ಸರಾಸರಿ ತೆಗೆದು, ಅದರ ಶೇ 70, 80 ಇಲ್ಲವೇ 90ರಷ್ಟನ್ನು ಒಂದು ಗೆರೆಯಾಗಿ ಎಳೆಯುತ್ತಾರೆ. ಈ ವರ್ಷ ಪಂಚಾಯಿತಿಯ ಕೆಲವೇ ತುಂಡು ನೆಲದಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ತೂಗುತ್ತಾರೆ. ತೂಕ ಗೆರೆಗಿಂತ ಕೆಳಗಿದ್ದರೆ ಎಲ್ಲರಿಗೂ ಪರಿಹಾರ, ಮೇಲಿದ್ದರೆ ಯಾರಿಗೂ ಇಲ್ಲ. ಮುಂಗಾರಿಗೆ ರೈತ ಕಟ್ಟುವುದು ವಿಮಾ ಮೊತ್ತದ ನೂರಕ್ಕೆ ಎರಡು, ಉಳಿದ ಕಂತು ಎರಡು ಸರಕಾರಗಳದು. ಅಗ್ಗವೇ, ಅದನ್ನು ಒಪ್ಪಿಕೊಳ್ಳಬೇಕು.

ಇದರ ಉಪಪ್ರಮೇಯ ಹೀಗಿದೆ: ಮೇಲೆಮೇಲೆ ಬರ ಬಿದ್ದ ಊರಿನಲ್ಲಿ ಗೆರೆಯೂ ಕೆಳಗೆ ಜಾರುತ್ತದೆ, ಆದ್ದರಿಂದ ಸತತವಾಗಿ ನಷ್ಟ ಅನುಭವಿಸಿದವನಿಗೆ ನಷ್ಟವೇ ಆಗುವುದಿಲ್ಲ. ಇನ್ನೊಂದು ಉಪಪ್ರಮೇಯವೂ ಇದೆ. ಎರಡು ಸಾಲು ಹೆಸರು, ಒಂದು ಸಾಲು ತೊಗರಿ ಬಿತ್ತಿದ ಹೊಲದಲ್ಲಿ ಬೆಳೆ ಸಮೀಕ್ಷೆಯ ಆ್ಯಪಿಗೆ ಹೆಸರು ಕಂಡು, ವಿಮೆ ತೊಗರಿಗೆ ಕಟ್ಟಿದ್ದರೆ, ಅಲ್ಲಿ ಬೆಳೆದದ್ದು ಯಾವುದೂ ಅಲ್ಲ. ತಾಳೆಯಾಗದ ಅರ್ಜಿ ಅಲ್ಲೇ ಕೂತುಕೊಳ್ಳುತ್ತದೆ.

ನನ್ನ ಕಾಕಾನ ಹೊಲ ಹೊಳೆದಂಡೆಗೆ ಇದೆ. ನಾಗರಾಳ ಜಲಾಶಯದಿಂದ ನೀರು ಬಿಟ್ಟರೆ ಮೊದಲು ಹೋಗುವುದು ಇಂಥವೇ. 2020ರ ಅಕ್ಟೋಬರ್ ನಿಮಗೂ ನೆನಪಿರಬಹುದು, ಕಾಗಿಣಾ, ಭೀಮಾ ಎರಡೂ ಉಕ್ಕಿದ ವರ್ಷ. ನಾನು ಒಯ್ದಿದ್ದ ಪ್ರಶ್ನಾವಳಿಯ ಏಳನೆಯ ಪ್ರಶ್ನೆ: 'ಯೋಜನೆಯ ಕುರಿತು ತಮ್ಮ ಗ್ರಹಿಕೆಯನ್ನು 1ರಿಂದ 5ರ ಮಾಪಕದಲ್ಲಿ ಸೂಚಿಸಿರಿ.' ಓದಿ ಹೇಳಿದೆ. ಕಾಕಾ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದ.

'ಹೊಲ ಮುಳುಗಿದ್ದು ನಂದು. ಪಂಚಾಯ್ತಿ ಎಲ್ಲಾ ಮುಳುಗ್ಬೇಕಾಗಿತ್ತೇನು ತಮ್ಮಾ?'

ಸ್ಥಳೀಯ ವಿಪತ್ತಿಗೆ ಬೇರೆ ದಾರಿ ಇದೆ ಎಂದೆ. ಆಲಿಕಲ್ಲು, ಮೇಘಸ್ಫೋಟ, ಹೊಲ ಜಲಾವೃತ ಆಗುವುದು, ಇವಕ್ಕೆ 72 ತಾಸಿನೊಳಗೆ ವಿಮಾ ಕಂಪನಿಗೆ ತಿಳಿಸಿದರೆ ಒಬ್ಬೊಬ್ಬನ ಹೊಲವನ್ನೂ ನೋಡುತ್ತಾರೆ. ಬ್ಯಾನರಿನಲ್ಲಿ ಬರೆದಿತ್ತು, ಓದಿದೆ.

'ಸೇತುವೆ ಮ್ಯಾಗ ನೀರು. ಕರೆಂಟಿಲ್ಲ, ಫೋನು ಸತ್ತಿತ್ತು. ದನ ಬಿಚ್ಲೋ, ಜ್ವಾಳದ ಚೀಲಾ ಎತ್ತಲೋ, ನಿನ್ನ ಕಂಪನಿಗಿ ಫೋನ್ ಹಚ್ಲೋ? ಹಚ್ಚಿದ್ರೂ, ಪಹಣಿ ಮುತ್ಯಾನ ಹೆಸರಿನ್ಯಾಗ ಅದ. ಮುತ್ಯಾನ ಹೆಬ್ಬೆಟ್ಟು ಎಲ್ಲಿಂದ ತರ್ಲಿ?'

ಇಲ್ಲಿ ಅಡಿಟಿಪ್ಪಣಿ ಹಾಕಬೇಕು. ಹಾಕುವುದಿಲ್ಲ. ನೀರು ಸೊಂಟದ ಮಟ್ಟ ಬಂದಾಗ ಗಡಿಯಾರ ನೋಡು ಎಂದು ನಿಯಮ ಬರೆದವರು ಯಾವ ಹೊಳೆಯ ದಂಡೆಯಲ್ಲಿ ಹುಟ್ಟಿದವರು? ಬೆಳೆ ಸಮೀಕ್ಷೆಗೆ, ಜಿಯೋಟ್ಯಾಗಿಗೆ, ನನ್ನಂಥ ಸಂಬಳವಿಲ್ಲದ ಹುಡುಗರಿಗೆ ಹೊಲದ ಮೂಲೆ ಮೂಲೆ ಕಾಣುತ್ತದೆ. ಕಂತು ಕಟ್ಟಿಸಿಕೊಳ್ಳುವಾಗ ಸರ್ವೆ ನಂಬರು ಸಹಿತ ಒಬ್ಬೊಬ್ಬನೂ ಬೇಕು. ಕೊಡುವ ಹೊತ್ತಿಗೆ ಅವರೆಲ್ಲ ಕರಗಿ ಸರಾಸರಿಯಾಗುತ್ತಾರೆ. 2022ರ ಮುಂಗಾರಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ನೆಟೆರೋಗಕ್ಕೆ ನಿಂತ ನಿಂತಲ್ಲೇ ಒಣಗಿತು. ಇದೇ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ, ಅಂದರೆ ಬೇಳೆ ಯಾವ ನೆಲದ್ದೆಂದು ಸರಕಾರಕ್ಕೆ ಚೆನ್ನಾಗಿ ಗೊತ್ತು. ನೆಟೆರೋಗ ಮಾತ್ರ ಸ್ಥಳೀಯ ವಿಪತ್ತಿನ ಪಟ್ಟಿಯಲ್ಲಿ ಇಲ್ಲ, ಅದಕ್ಕೆ 72 ತಾಸಿನ ಫೋನೂ ಇಲ್ಲ, ಮತ್ತೆ ಅದೇ ಗೆರೆಯ ಮುಂದೆ ಕೈಕಟ್ಟಿ ನಿಲ್ಲಬೇಕು. ಚಕ್ರವರ್ತಿಯವರೂ ಪ್ರದೇಶವನ್ನೇ ಲೆಕ್ಕ ಹಿಡಿದಿದ್ದರು, ಸುಳ್ಳಲ್ಲ. ಆದರೆ ಅವರು ರೈತನಿಗೆ ಫೋನು ಹಚ್ಚು, ಫೋಟೊ ತೆಗೆ, ಮುತ್ಯಾನನ್ನು ಎಬ್ಬಿಸಿ ತಾ ಎಂದು ಹೇಳಿರಲಿಲ್ಲ.

ಕಾಕಾ ಕಡೆಗೆ ಉತ್ತರ ಕೊಟ್ಟ. 'ನಿನಗ ಪಾಸಾಗ್ಲಿಕ್ಕ ಎಷ್ಟು ಬೇಕೋ ಅಷ್ಟು ಬರ್ಕೋ.'

ಅಧ್ಯಾಯ 5. ಫಲಿತಾಂಶ ಮತ್ತು ಸಲಹೆಗಳು

ನಾಲ್ಕನೆಯ ಅಧ್ಯಾಯ ಓದಿದ ಮಾರ್ಗದರ್ಶಕರು ಭಾವುಕತೆ ಕಡಿಮೆ ಮಾಡಿ ಪೈ ಚಾರ್ಟ್ ಹಾಕಲು ಸೂಚಿಸಿದರು. ಹಾಕಲಾಗಿದೆ. ಊರಿನವರೆಲ್ಲ ಕಾಕಾನ ಹಾಗೆಯೇ ನನಗೆ ಉಪಕಾರ ಮಾಡಿದ್ದರಿಂದ ಎಲ್ಲ ಉತ್ತರಗಳೂ 5, ಚಾರ್ಟಿನಲ್ಲಿ ಒಂದೇ ಬಣ್ಣ. ಕಂಪನಿಯವರಿಗೆ ಅದು ಬಹಳ ಹಿಡಿಸಿತು, ಮುಂದಿನ ಸಭೆಯಲ್ಲಿ ತೋರಿಸುತ್ತಾರಂತೆ.

ಪ್ರಶ್ನಾವಳಿ ತುಂಬಿದ್ದು ಜುಲೈಯಲ್ಲಿ. ಆಗ ಕಂತು ಕಟ್ಟಿಯಾಗಿತ್ತು, ಮಳೆ ಹದವಾಗಿತ್ತು, ತೊಗರಿ ಗೇಣುದ್ದ ಎದ್ದಿತ್ತು. ಅದೇ ಪ್ರಶ್ನಾವಳಿಯನ್ನು ರಾಶಿ ಮುಗಿದ ಮೇಲೆ, ಜನವರಿಯಲ್ಲಿ, ಅದೇ ಮನೆಗಳಿಗೆ ಮತ್ತೆ ಒಯ್ಯುತ್ತೇನೆಂದು ಅನುಮತಿ ಕೇಳಿದೆ. ಇಂಟರ್ನ್‌ಶಿಪ್ಪಿನ ಅವಧಿ ಮುಗಿದಿದೆ, ಗುರುತಿನ ಚೀಟಿ ವಾಪಸು ಕೊಡಿ ಎಂದರು.